ಸ್ಮಾರಕ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಮಾನವ ಹಕ್ಕು ಮತ್ತು ನರಮೇಧದ ಅಧ್ಯಯನಕ್ಕೆ, ತೀರಿಕೊಂಡ ಪ್ರಾಧ್ಯಾಪಕರೊಬ್ಬರ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುತ್ತಾರೆ. ಎರಡು ಪುಟದ ಪ್ರಬಂಧ ಕೇಳಿದ್ದಾರೆ. ನಮ್ಮ ಮನೆಯಲ್ಲಿ ಯಾರೂ ಅಂಥ ಹಿಂಸೆ ಕಂಡವರಲ್ಲ. ನನ್ನಂಥವಳು ಅರ್ಜಿ ಹಾಕಿದರೆ ಪ್ರಯೋಜನ ಇದೆಯೇ?

ಉತ್ತರ: ಧಾರಾಳವಾಗಿ ಹಾಕಿ. ನೊಂದ ಕುಟುಂಬದವರಿಗೇ ಮೀಸಲು ಎಂದು ನಿಯಮದಲ್ಲಿ ಇಲ್ಲದಿದ್ದರೆ, ಆ ಅಳುಕು ಬೇಡ. ಆಯ್ಕೆ ಮಾಡುವವರು ನೋಡುವುದು ನಿಮ್ಮ ಹತ್ತಿರ ಹುಡುಕಿ ನೋಡುವಂಥ ಪ್ರಶ್ನೆ ಇದೆಯೇ ಎಂದು.

ಹೆಚ್ಚಿನವರು ಎಡವುವುದು ಇಲ್ಲೇ. ‘1994ರಲ್ಲಿ ರುವಾಂಡಾದಲ್ಲಿ ಲಕ್ಷಾಂತರ ಜನರ ಕೊಲೆಯಾಯಿತು, ಓದಿ ಮನಸ್ಸು ಕಲಕಿತು’ ಎಂದು ಬರೆಯುತ್ತಾರೆ. ಕಲಕದೆ ಇರುತ್ತದೆಯೇ? ಅದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಅದೇ ರುವಾಂಡಾದ ಆರ್‌ಟಿಎಲ್‌ಎಂ ರೇಡಿಯೋ ವಿಷಯ ತೆಗೆದುಕೊಳ್ಳಿ. ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಸಮುದಾಯದ ಮೇಲೆ ದ್ವೇಷ ಕಾರುತ್ತಿದ್ದ ಕೇಂದ್ರ ಅದು. ಯಾರನ್ನು ಹಿಡಿಯಬೇಕು ಎಂದು ಹೆಸರು ಹಿಡಿದು ಹೇಳಿದ್ದೂ ಇದೆ. ಅದರ ಸ್ಥಾಪಕರಲ್ಲಿ ಇಬ್ಬರಿಗೆ ಮತ್ತು ಒಬ್ಬ ಪತ್ರಿಕಾ ಸಂಪಾದಕನಿಗೆ ರುವಾಂಡಾದ ಅಪರಾಧಗಳ ವಿಚಾರಣೆಗೆಂದೇ ವಿಶ್ವಸಂಸ್ಥೆ ರಚಿಸಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಶಿಕ್ಷೆ ವಿಧಿಸಿತು. 2007ರ ಮೇಲ್ಮನವಿಯಲ್ಲಿ ಕೆಲವು ಆರೋಪ ಬಿದ್ದುಹೋದವು, ಶಿಕ್ಷೆ ಕಡಿಮೆಯಾಯಿತು. ಹತ್ಯೆಗಳು ಶುರುವಾಗುವ ಮೊದಲಿನ ಪ್ರಸಾರಕ್ಕೂ ಆಮೇಲಿನ ಕೊಲೆಗಳಿಗೂ ಇದ್ದ ನಂಟು ಸಾಬೀತಾಗಲಿಲ್ಲ ಎಂಬುದು ಒಂದು ಕಾರಣ. ಹಾಗಾದರೆ ಆ ನಂಟನ್ನು ಯಾವ ಸಾಕ್ಷ್ಯದಿಂದ ತೋರಿಸಬಹುದಿತ್ತು? ಎರಡು ಪುಟಕ್ಕೆ ಇಷ್ಟೇ ಸಾಕು, ಜಾಸ್ತಿಯೇ ಆಯಿತು. ತೀರ್ಪುಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪೂರ್ತಿ ಓದುವ ತಾಳ್ಮೆ ಇಲ್ಲದಿದ್ದರೆ ಬೇರೆ ವಿಷಯ ಹುಡುಕಿಕೊಳ್ಳಿ.

ಯಾರ ಹೆಸರಿನಲ್ಲಿ ಈ ನೆರವು ಇದೆಯೋ ಅವರ ಒಂದೆರಡು ಲೇಖನವನ್ನಾದರೂ ಓದಿ. ಆದರೆ ಸುಮ್ನೆ ಹೊಗಳಬೇಡಿ. ಸಮಿತಿಯಲ್ಲಿ ಅವರ ಶಿಷ್ಯರೋ ಮನೆಯವರೋ ಇರಬಹುದು. ಹೊಗಳಿಕೆ ಎಲ್ಲಿಂದ ಎತ್ತಿದ್ದು ಎಂದು ಅವರಿಗೆ ಗೊತ್ತಾಗುತ್ತದೆ. ಅವರ ಮಾತನ್ನು ಒಪ್ಪದಿದ್ದರೆ ಕಾರಣ ಕೊಟ್ಟು ಬರೆಯಿರಿ, ತಪ್ಪೇನಿಲ್ಲ.

ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದಲೇ ತರಬೇಕೆಂದಿಲ್ಲ. ನಿಮ್ಮ ಬರವಣಿಗೆ ತಿದ್ದಿದ ಮೇಷ್ಟ್ರು ಕೊಟ್ಟರೆ ಅದರ ತೂಕವೇ ಬೇರೆ. ಇನ್ನು ದುಡ್ಡಿನ ಮಾತು: ಬರೀ ಶುಲ್ಕ ಕೊಡುತ್ತಾರೋ, ಪ್ರಯಾಣ, ವೀಸಾ, ವಸತಿಯೂ ಸೇರಿದೆಯೋ? ಅರ್ಜಿ ಕಳಿಸುವ ಮೊದಲೇ ಇಮೇಲ್ ಮಾಡಿ ಕೇಳಿ.