ಹಿತ್ತಲಿಗೆ ಮಂಕಿ ಬಾರ್: ನೀವು ಕೇಳಿದ್ದು, ನಾನು ಹೇಳಿದ್ದು

ಮಕ್ಕಳಿಗೆ ನೇತಾಡೋಕೆ ಮನೆಯಲ್ಲೊಂದು ಮಂಕಿ ಬಾರ್ ಇರಲಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅಂದರೆ ಏಣಿಯನ್ನು ತಲೆಯ ಮೇಲೆ ಅಡ್ಡ ಮಲಗಿಸಿದ ಹಾಗಿರುವ ಕಂಬಿಗಳ ಸಾಲು. ಮಕ್ಕಳು ಕೈಯಲ್ಲಿ ನೇತಾಡುತ್ತ ಒಂದು ಕಂಬಿಯಿಂದ ಇನ್ನೊಂದಕ್ಕೆ ದಾಟುತ್ತಾರೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು ನಾನು. ವಿಷಲ್ ಬಿಟ್ಟು ವರ್ಷಗಳಾದರೂ ದನಿ ಇನ್ನೂ ಹಾಗೇ ಇದೆ. ಉತ್ತರದಲ್ಲಿ ಎಲ್ಲಾದರೂ ಗದರಿದ ಹಾಗೆ ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಮಗೆ ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು. ಹಿತ್ತಲಲ್ಲಿ 18 ಅಡಿಗೆ 25 ಅಡಿ ಜಾಗ ಖಾಲಿ ಇದೆ. ಉಯ್ಯಾಲೆ, ಜಾರುಬಂಡೆ, ಮಂಕಿ ಬಾರ್ ಮೂರೂ ಇರುವ ಸೆಟ್ ತರಿಸೋಣ ಅಂತ ನನ್ನ ಆಸೆ. ವೆಲ್ಡಿಂಗ್ ಶಾಪ್‌ನಲ್ಲಿ ಮಾಡಿಸಿದರೆ ಅರ್ಧ ದುಡ್ಡಿಗೆ ಆಗುತ್ತೆ ಅಂತಾರೆ ನಮ್ಮ ಯಜಮಾನರು. ಯಾವುದು ಒಳ್ಳೆಯದು?
— ಗೃಹಿಣಿ, ದಾವಣಗೆರೆ

ಉತ್ತರ: ಮೊದಲು ಟೇಪ್ ಹಿಡಿದುಕೊಂಡು ಹಿತ್ತಲಿಗೆ ಹೋಗಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಆಟದ ಸಾಮಾನುಗಳಿಗೆ ಅಂತಲೇ ಒಂದು ಕೈಪಿಡಿ ಮಾಡಿದೆ. ಅಳತೆ ಅಂತ ಬಂದಾಗ ನಾನು ನೋಡುವುದು ಅದನ್ನೇ. ಮಂಕಿ ಬಾರ್‌ನ ಸುತ್ತ ನಾಲ್ಕೂ ಕಡೆ ಆರಾರು ಅಡಿ ಖಾಲಿ ಬಿಡಬೇಕು ಅನ್ನುತ್ತದೆ ಅದು. ಎಂಟು ಅಡಿ ಉದ್ದ, ಮೂರು ಅಡಿ ಅಗಲದ ಮಂಕಿ ಬಾರ್ ಹಾಕಿದರೆ ನಿಮಗೆ 20 ಅಡಿಗೆ 15 ಅಡಿ ಬೇಕು. ನಿಮ್ಮ ಜಾಗದಲ್ಲಿ ಅದು ಕೂರುತ್ತದೆ. ಉಯ್ಯಾಲೆ ಕೂರುವುದಿಲ್ಲ. ಉಯ್ಯಾಲೆಗೆ ಅದರ ಎತ್ತರದ ಎರಡರಷ್ಟು ಜಾಗ ಹಿಂದೆಯೂ ಬೇಕು, ಮುಂದೆಯೂ ಬೇಕು. ಏಳು ಅಡಿ ಎತ್ತರದ್ದಾದರೆ ಎರಡೂ ಸೇರಿ 28 ಅಡಿ. ನಿಮ್ಮ ಕಾಂಪೌಂಡು 25ಕ್ಕೇ ಮುಗಿಯಿತಲ್ಲ! ಕ್ಯಾಟಲಾಗ್ ಫೋಟೊದಲ್ಲಿ ಮೂರೂ ಚೆನ್ನಾಗಿ ಕಾಣುತ್ತವೆ, ಯಾಕೆಂದರೆ ಅಲ್ಲಿ ಕಾಂಪೌಂಡ್ ಗೋಡೆ ಇರುವುದಿಲ್ಲ. ಮಂಕಿ ಬಾರ್ ಒಂದೇ ಸಾಕು. ಉಯ್ಯಾಲೆಗೆ ಪಂಚಮಿ ಹೊತ್ತಿಗೆ ಊರಿಗೆ ಹೋಗಿ.

ಇನ್ನು ಕೊಳ್ಳುವುದೋ, ಮಾಡಿಸುವುದೋ? ನಾನು ನಿಮ್ಮ ಯಜಮಾನರ ಕಡೆ. ಆದರೆ ವೆಲ್ಡಿಂಗ್‌ನವರಿಗೆ ಬಿಟ್ಟು ಸುಮ್ನೆ ಬರಬೇಡಿ. ಅವರು ಮೊದಲು ಹೇಳುವ ಮಾತೇ "ದಪ್ಪ ಪೈಪ್ ಹಾಕೋಣ ಮೇಡಂ, ಗಟ್ಟಿ" ಅಂತ. ಕಾಲಿನ ಕಂಬಗಳಿಗೆ ದಪ್ಪದ್ದೇ ಇರಲಿ, ಎರಡು ಇಂಚಿನ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಕೈ ಹಿಡಿಯುವ ಅಡ್ಡಕಂಬಿಗೆ ಒಂದು ಇಂಚಿನದು ಸಾಕು. ಅಂಗಡಿಯಲ್ಲಿ ಒಂದು ಇಂಚು ಅನ್ನುವ ಪೈಪಿನ ಹೊರಗಿನ ದಪ್ಪ ಸುಮಾರು 34 ಮಿಲಿಮೀಟರ್. ಮಗುವಿನ ಮುಷ್ಟಿಗೆ 24ರಿಂದ 39 ಮಿಲಿಮೀಟರ್ ಒಳಗಿರಬೇಕು. ಒಂದೂವರೆ ಇಂಚಿನ ಪೈಪ್ 48ಕ್ಕೆ ಹೋಗುತ್ತದೆ. ಅದು ಯಜಮಾನರ ಕೈಗೆ ಸರಿ, ಮಗನ ಕೈಗಲ್ಲ. ಹೆಬ್ಬೆರಳು ಒಂದು ಕಡೆಯಿಂದ, ಉಳಿದ ಬೆರಳು ಇನ್ನೊಂದು ಕಡೆಯಿಂದ ಸುತ್ತಿ ಬಂದರೆ ಮಾತ್ರ ಹಿಡಿತ. ಪೈಪ್ ತರುವಾಗ ಮಗನನ್ನೂ ಕರೆದುಕೊಂಡು ಹೋಗಿ, ಹಿಡಿಸಿ ನೋಡಿ.

ಕಂಬಿಯಿಂದ ಕಂಬಿಗೆ 12 ಇಂಚು ಇಡಿಸಿ. ದೊಡ್ಡ ಮಕ್ಕಳಿಗೆ 15 ಇಂಚಿನವರೆಗೂ ನಡೆಯುತ್ತದೆ, ಆದರೆ ಮಗಳೂ ಇದ್ದಾಳಲ್ಲ. ಹತ್ತುವ ಏಣಿಯಲ್ಲಾಗಲಿ, ಪಕ್ಕದ ಕಟಕಟೆಯಲ್ಲಾಗಲಿ, ಮೂರೂವರೆ ಇಂಚಿಗಿಂತ ಜಾಸ್ತಿ, ಒಂಬತ್ತು ಇಂಚಿಗಿಂತ ಕಡಿಮೆ ಇರುವ ಸಂದು ಎಲ್ಲೂ ಬೇಡ. ಚಿಕ್ಕ ಮಗುವಿನ ಮೈ ಅದರಲ್ಲಿ ನುಸುಳುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಏಣಿ ಮೆಟ್ಟಿಲಿಗೂ ಅಡಿ ಅಂತರವನ್ನೇ ಇಡಿ.

ಎತ್ತರ ಎಷ್ಟು? ಶಾಲೆಗೆ ಹೋಗುವ ಮಕ್ಕಳಿಗೆ ಏಳು ಅಡಿ ದಾಟಬಾರದು, ಅದಕ್ಕಿಂತ ಚಿಕ್ಕವರಿಗೆ ಐದು ಅಡಿ ದಾಟಬಾರದು ಅನ್ನುತ್ತದೆ ಆ ಕೈಪಿಡಿ. ನಿಮ್ಮ ಮನೆಗೆ ನಾನಾದರೆ ಐದು ಅಡಿಯನ್ನೇ ಹೇಳುತ್ತೇನೆ. ಮಗ ಮಂಡಿ ಮಡಚಿ ನೇತಾಡಲಿ, ಏನೂ ಆಗಲ್ಲ. ಈಗಲೇ ಕಂಬ ಆರು ಅಡಿಯದು ಹಾಕಿಸಿ, ಅಡ್ಡಕಂಬಿಗಳ ಚೌಕಟ್ಟನ್ನು ಬೋಲ್ಟ್‌ನಲ್ಲಿ ಕೂರಿಸಿದರೆ ಎರಡು ವರ್ಷದ ಮೇಲೆ ಅದನ್ನು ಏರಿಸಬಹುದು. ಬೋಲ್ಟಿನ ತಲೆ ಗುಂಡಗಿರಲಿ, ಬಟ್ಟೆ ಸಿಕ್ಕಿಕೊಳ್ಳಬಾರದು. ಪೈಪಿನ ಬಾಯಿಗೆ ಕ್ಯಾಪ್ ಹಾಕಿಸಿ, ಇಲ್ಲದಿದ್ದರೆ ಒಳಗೆ ಕಣಜ ಗೂಡು ಕಟ್ಟುತ್ತದೆ. ಬೆಸುಗೆ ಹಾಕಿದ ಜಾಗದಲ್ಲಿ ಜಿಐ ಮೇಲಿನ ಸತು ಸುಟ್ಟು ಹೋಗಿರುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಗ್ರೈಂಡ್ ಮಾಡಿಸಿ, ಸತುವಿನ ಪ್ರೈಮರ್ ಹೊಡೆಸಿ. ಮನೆಯಲ್ಲಿ ಉಳಿದ ಹಳೇ ಡಬ್ಬದ ಪೇಂಟ್ ಬೇಡ. ಮನೆಗೆ ಹಚ್ಚುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಕೈ ಹಿಡಿಯುವ ಕಂಬಿಗೆ ಪೇಂಟೇ ಬೇಡ, ಜಾರುತ್ತದೆ.

ಈಗ ಮುಖ್ಯ ವಿಷಯ. ನೀವು ಇಷ್ಟುದ್ದ ಪತ್ರದಲ್ಲಿ ನೆಲದ ಬಗ್ಗೆ ಒಂದು ಮಾತೂ ಬರೆದಿಲ್ಲ. ಮಕ್ಕಳು ಬಿದ್ದೇ ಬೀಳುತ್ತಾರೆ. ಬೀಳುವುದು ಕಂಬಿ ಮೇಲಲ್ಲ, ನೆಲದ ಮೇಲೆ. ಸಿಮೆಂಟು, ಟೈಲ್ಸ್, ಇಂಟರ್‌ಲಾಕ್ ಯಾವುದೂ ಆಗದು. ಹುಲ್ಲು ಸಾಕಲ್ವಾ ಅಂದರೆ, ಸಾಲದು. ಮಕ್ಕಳು ತುಳಿದ ಮೇಲೆ ಅದು ಬರೀ ಗಟ್ಟಿ ಮಣ್ಣು. ಒಂಬತ್ತು ಇಂಚು ಮರಳು ಹಾಕಿದರೂ ನಾಲ್ಕು ಅಡಿ ಎತ್ತರದಿಂದ ಬಿದ್ದವರಿಗೆ ಮಾತ್ರ ಅದು ಸಾಕು. ಎಂ-ಸ್ಯಾಂಡ್ ಅಂತೂ ನೀರು ಬಿದ್ದರೆ ಗಟ್ಟಿಯಾಗಿ ಕೂರುತ್ತದೆ. ಅದೇ ಒಂಬತ್ತು ಇಂಚು ಮರದ ಚಕ್ಕೆ ಹತ್ತು ಅಡಿಯವರೆಗಿನ ಬೀಳುವಿಕೆಯನ್ನು ತಡೆದುಕೊಳ್ಳುತ್ತದೆ. ಸಾಮಿಲ್‌ನಲ್ಲಿ ಕೇಳಿ. ಪುಡಿ ಬೇಡ, ಚಕ್ಕೆ ಬೇಕು. ಬಣ್ಣ, ಪಾಲಿಶ್, ಮೊಳೆ ಇರುವ ಹಳೇ ಮರದ್ದು ಬೇಡ. ಒಂದು ಅಡಿ ಹಾಕಿದರೆ ತುಳಿದು ಒಂಬತ್ತು ಇಂಚಿಗೆ ಇಳಿಯುತ್ತದೆ. 20ಕ್ಕೆ 15 ಅಡಿ ಜಾಗಕ್ಕೆ 300 ಘನ ಅಡಿ ಬೇಕು, ಅಂದರೆ ಚೀಲದ ಲೆಕ್ಕ ಬಿಟ್ಟು ಟ್ರ್ಯಾಕ್ಟರ್ ಲೆಕ್ಕದಲ್ಲೇ ಮಾತಾಡಿ. ಕಂಬಕ್ಕೆ ಹಾಕಿದ ಕಾಂಕ್ರೀಟು ಚಕ್ಕೆಯ ಕೆಳಗೇ ಮುಚ್ಚಿಹೋಗಬೇಕು. ವೆಲ್ಡಿಂಗ್‌ನಲ್ಲಿ ಉಳಿಸಿದ ದುಡ್ಡನ್ನು ಇದಕ್ಕೆ ಹಾಕಿ.

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಸೀಬೆ, ನುಗ್ಗೆ, ಹಲಸು ಎಲ್ಲಾ ಇವೆ. ನಾವು ಮರಕೋತಿ ಆಡಿ ಬೆಳೆದವರು. ಮಕ್ಕಳಿಗೆ ಕಬ್ಬಿಣದ ಮಂಗನಾಟ ಯಾಕೆ?
— ಅಡಿಕೆ ಬೆಳೆಗಾರ, ಶಿರಸಿ

ಉತ್ತರ: ನಿಮಗೆ ಬೇಡವೇ ಬೇಡ. ಅದೃಷ್ಟವಂತರು ನೀವು. ಸೀಬೆ ಕೊಂಬೆ ಬಾಗುತ್ತದೆಯೇ ಹೊರತು ಸುಲಭಕ್ಕೆ ಮುರಿಯುವುದಿಲ್ಲ. ತೊಗಟೆಯೂ ನುಣುಪು. ನುಗ್ಗೆ ಮರದ ಹತ್ತಿರ ಮಾತ್ರ ಮಕ್ಕಳನ್ನು ಬಿಡಬೇಡಿ. ನೋಡಲು ದಪ್ಪ, ಹತ್ತಿದರೆ ಲಟಕ್ ಅಂತ ಮುರಿಯುತ್ತದೆ. ನಿಮ್ಮ ಕಡೆ ಮಳೆಗಾಲ ಶುರುವಾಯಿತು ಅಂದರೆ ಕಾಂಡಕ್ಕೆಲ್ಲ ಪಾಚಿ. ಆಗ ಮರ ಹತ್ತುವುದಕ್ಕೆ ರಜೆ. ಮರದ ಬುಡದಲ್ಲಿ ಕಲ್ಲು, ಕತ್ತಿ, ಕಾಯಿ ಸುಲಿಯುವ ಸಲಾಕೆ ಇದ್ದರೆ ಎತ್ತಿಡಿ. ಮರಕ್ಕೂ ನೆಲದ ಮಾತೇ.

ಪ್ರಶ್ನೆ: ಹಾಸನದವಳು, ಈಗ ಟೆಕ್ಸಾಸ್‌ನ ಪ್ಲೇನೋದಲ್ಲಿ ಮಗಳ ಮನೆಯಲ್ಲಿದ್ದೇನೆ. ಪಕ್ಕದ ಮನೆಯವರು ಊರು ಬಿಡುತ್ತಿದ್ದಾರೆ. ಅವರ ಹಿತ್ತಲಿನ ಮರದ ಪ್ಲೇಸೆಟ್ಟನ್ನು ಬಿಟ್ಟಿ ಕೊಡುತ್ತೇವೆ ಅಂತಾರೆ. ಮಂಕಿ ಬಾರ್ ಕೂಡ ಇದೆ. ಅಳಿಯಂದಿರಿಗೆ ಖುಷಿ, ನನಗೆ ಯಾಕೋ ಅನುಮಾನ. ತಗೊಳ್ಳಬಹುದಾ?
— ಅಜ್ಜಿ, ಸದ್ಯಕ್ಕೆ ಪ್ಲೇನೋ

ಉತ್ತರ: ಅಮ್ಮಾ, ನಿಮ್ಮ ಅನುಮಾನ ಸರಿಯಾಗಿದೆ. ಅದು ಯಾವ ವರ್ಷದ್ದು ಅಂತ ಮೊದಲು ಕೇಳಿಸಿ. ಅಲ್ಲಿ ಮುಂಚೆ ಹೊರಗೆ ಬಳಸುವ ಮರ ಕೊಳೆಯದಿರಲಿ ಅಂತ ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಸೇರಿದ ಔಷಧ ಕುಡಿಸುತ್ತಿದ್ದರು. ಆರ್ಸೆನಿಕ್ ಅಂದರೆ ಪಾಷಾಣ. ಮನೆ ಬಳಕೆಯ ಮರಕ್ಕೆ ಅದನ್ನು ಹಾಕುವುದು 2003ರ ಕೊನೆಗೆ ನಿಂತಿತು. ಅದಕ್ಕಿಂತ ಹಳೆಯದಾದರೆ, ಅಥವಾ ವರ್ಷವೇ ಗೊತ್ತಿಲ್ಲದಿದ್ದರೆ ಬೇಡ ಅನ್ನಿ. ಸೀಡರ್ ಮರದ್ದು, ಆಮೇಲಿನದು ಅಂತ ಖಾತ್ರಿಯಾದರೆ ಒಂದು ಸ್ಕ್ರೂಡ್ರೈವರ್ ತಗೊಂಡು ಕಂಬದ ಬುಡ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಕೊಳೆತಿದೆ.

ಒಪ್ಪಿದಿರಿ ಅಂತಿಟ್ಟುಕೊಳ್ಳಿ. ಅಳಿಯಂದಿರು ಗುಂಡಿ ತೋಡುವ ಮುಂಚೆ 811ಕ್ಕೆ ಫೋನ್ ಮಾಡಲಿ. ನೆಲದೊಳಗೆ ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆ ಅಂತ ಬಂದು ಗುರುತು ಹಾಕಿ ಹೋಗುತ್ತಾರೆ. ಬಡಾವಣೆಯ ಮನೆ ಮಾಲೀಕರ ಸಂಘ ಇದ್ದರೆ ಅದರ ಒಪ್ಪಿಗೆಯನ್ನೂ ಕೇಳಬೇಕಾಗಬಹುದು. ಟೆಕ್ಸಾಸ್ ಬಿಸಿಲು ನಿಮಗೆ ಈಗಾಗಲೇ ಗೊತ್ತಾಗಿರುತ್ತೆ. ಬೇಸಿಗೆಯಲ್ಲಿ ಜಾರುಬಂಡೆಗೆ ಮೊದಲು ನಿಮ್ಮ ಅಂಗೈ ಇಟ್ಟು ನೋಡಿ, ಆಮೇಲೆ ಮೊಮ್ಮಗು. ಸೈಕಲ್ ಓಡಿಸಿ ಬಂದ ಮಕ್ಕಳು ಹೆಲ್ಮೆಟ್ ತೆಗೆಯದೇ ಹತ್ತಲು ಬಿಡಬೇಡಿ. ಹೆಲ್ಮೆಟ್ ಸಂದಿಯಲ್ಲಿ ಸಿಕ್ಕಿ ಅದರ ಪಟ್ಟಿ ಕುತ್ತಿಗೆಗೆ ಬಿಗಿಯುತ್ತದೆ. ಹಗ್ಗ, ದುಪಟ್ಟಾ, ನಾಯಿ ಚೈನು ಯಾವುದನ್ನೂ ಕಂಬಿಗೆ ಕಟ್ಟಬಾರದು. ಇದೊಂದರಲ್ಲಿ ಅಜ್ಜಿ ಜೋರು ಮಾಡಲಿ, ತಪ್ಪಿಲ್ಲ.

ಪ್ರಶ್ನೆ: ಮಂಕಿ ಬಾರ್ ಕಂಡುಹಿಡಿದವರು ಯಾರು?
— 8ನೇ ತರಗತಿ ವಿದ್ಯಾರ್ಥಿ, ಗದಗ

ಉತ್ತರ: ತಮ್ಮಾ, ಪೇಟೆಂಟ್ ಸಿಕ್ಕಿದ್ದು ಸೆಬಾಸ್ಟಿಯನ್ ಹಿಂಟನ್ ಅನ್ನುವ ಅಮೆರಿಕದ ವಕೀಲರಿಗೆ, 1923ರಲ್ಲಿ. ಅವರದು ಕಂಬಿಗಳ ಚೌಕಗಳನ್ನು ಒಂದರ ಮೇಲೊಂದು ಪೇರಿಸಿದ ಜಂಗಲ್ ಜಿಮ್. ಈಗಿನ ಮಂಕಿ ಬಾರ್ ಅದರ ತಮ್ಮ. ಮಜಾ ಇರುವುದು ಅವರ ಅಪ್ಪನ ಕಥೆಯಲ್ಲಿ. ಅಪ್ಪ ಚಾರ್ಲ್ಸ್ ಹಿಂಟನ್ ಗಣಿತದ ಮೇಷ್ಟ್ರು, ಜಪಾನಿನಲ್ಲಿದ್ದಾಗ ಬಿದಿರಿನಲ್ಲಿ ಇಂಥದೇ ಒಂದು ಚೌಕಟ್ಟು ಕಟ್ಟಿದ್ದರು. ಉದ್ದ, ಅಗಲ, ಎತ್ತರದ ಲೆಕ್ಕವನ್ನು ಮಕ್ಕಳು ಮೈಯಿಂದಲೇ ಕಲಿಯಲಿ ಅಂತ. ಮಕ್ಕಳಿಗೆ ಲೆಕ್ಕಕ್ಕಿಂತ ಹತ್ತುವುದೇ ಖುಷಿ ಕೊಟ್ಟಿತು. ಮಗನಿಗೆ ನೆನಪಿನಲ್ಲಿ ಉಳಿದದ್ದೂ ಅದೇ. ನಿಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ಮಕ್ಕಳು ಮಲ್ಲಕಂಬ ಮಾಡುತ್ತಾರೆ. ಒಮ್ಮೆ ಹೋಗಿ ನೋಡು. ಅವರ ಮುಂದೆ ಮಂಕಿ ಬಾರ್ ಏನೂ ಅಲ್ಲ.

ಪ್ರಶ್ನೆ: ಟೆರೇಸ್ ಮೇಲೆ ಹಾಕಿಸಬಹುದಾ? ಪ್ಯಾರಪೆಟ್ ಮೂರಡಿ ಇದೆ.
— ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಬೇಡ. ಪಾರ್ಕಿಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಪಾರ್ಕಿನ ಮಂಕಿ ಬಾರ್‌ನಿಂದ ಮೊಮ್ಮಗ ಬಿದ್ದು ಮೊಣಕೈ ಊದಿಕೊಂಡಿತ್ತು. ನಾಟಿ ಕಟ್ಟು ಹಾಕಿಸೋಣ ಅಂದೆ ನಾನು. ಸೊಸೆ ಕೇಳದೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಯಾರದು ಸರಿ?
— ನಿವೃತ್ತ ನೌಕರ, ಚಿಕ್ಕಮಗಳೂರು

ಉತ್ತರ: ಸೊಸೆಯದು. ಈ ಉತ್ತರವನ್ನು ಅವರ ಮುಂದೆಯೇ ಜೋರಾಗಿ ಓದಿ. ಐದರಿಂದ ಏಳು ವರ್ಷದ ಮಕ್ಕಳು ಕೈ ಊರಿ ಬಿದ್ದಾಗ ಮೊಣಕೈಗೆ ಸ್ವಲ್ಪ ಮೇಲೆ ಮೂಳೆ ಮುರಿಯುವುದು ಜಾಸ್ತಿ. ಅಲ್ಲೇ ಪಕ್ಕದಲ್ಲಿ ಕೈಗೆ ರಕ್ತ ಒಯ್ಯುವ ದೊಡ್ಡ ನಾಳ, ನರಗಳು ಇವೆ. ಅದರ ಮೇಲೆ ಬಿಗಿಯಾಗಿ ಕಟ್ಟು ಹಾಕಿದರೆ ರಕ್ತ ಹರಿಯುವುದು ನಿಂತು ಕೈಯೇ ಸೊಟ್ಟಗಾಗಬಹುದು. ಉಜ್ಜಬೇಡಿ, ಎಳೆಯಬೇಡಿ. ಕೈ ಹೇಗಿದೆಯೋ ಹಾಗೇ ಆನಿಸಿ ಹಿಡಿದು ಎಕ್ಸ್‌ರೇ ಇರುವ ಕಡೆ ಹೋಗಿ. ಬೆರಳು ತಣ್ಣಗಾಗಿದ್ದರೆ, ಬಿಳಿಚಿದ್ದರೆ, ಜೋಮು ಹಿಡಿದಿದ್ದರೆ ಒಂದು ನಿಮಿಷವೂ ತಡ ಬೇಡ. ಅಳು ನಿಲ್ಲಿಸೋಕೆ ಅಂತ ದಾರಿಯಲ್ಲಿ ಬಿಸ್ಕತ್ತು, ಜ್ಯೂಸ್ ಕೊಡಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು.

ಪ್ರಶ್ನೆ: ಆರು ವರ್ಷದ ಮಗಳು ಕಂಬಿ ಹಿಡಿದು ನೇತಾಡುತ್ತಾಳೆ, ಮುಂದಕ್ಕೆ ಹೋಗುವುದಿಲ್ಲ. ಸೊಂಟ ಹಿಡಿದು ದಾಟಿಸಲಾ?
— ತಂದೆ, ಮೈಸೂರು

ಉತ್ತರ: ಖಂಡಿತ ಬೇಡ. ನೀವು ಸೊಂಟ ಹಿಡಿದರೆ ಅವಳ ತೂಕ ಅವಳ ಕೈಗೆ ಗೊತ್ತೇ ಆಗುವುದಿಲ್ಲ. ಅವಳೇ ಹತ್ತಲಾಗದ ಕಡೆ ಎತ್ತಿ ಕೂರಿಸಲೂ ಬೇಡಿ. ಇಳಿಯಲೂ ಬರದೆ ಗಾಬರಿಯಾಗಿ ಕೈ ಬಿಡುತ್ತಾಳೆ. ನೇತಾಡುತ್ತಾಳೆ ಅಂದರೆ ಅರ್ಧ ಕೆಲಸ ಆಗಿದೆ. ಹತ್ತು ಎಣಿಸುವವರೆಗೆ ನೇತಾಡಲಿ. ಆಮೇಲೆ ಕಾಲು ಹಿಂದೆ ಮುಂದೆ ತೂಗುವುದು. ಕಾಲು ಮುಂದೆ ಹೋದಾಗ ಒಂದು ಕೈ ಮುಂದಿನ ಕಂಬಿಗೆ, ಇನ್ನೊಂದು ಕೈಯೂ ಅದೇ ಕಂಬಿಗೆ. ಎರಡೂ ಕೈ ಒಂದೇ ಕಂಬಿಯಲ್ಲಿ ಸೇರಿದ ಮೇಲೆ ಮತ್ತೆ ತೂಗುವುದು. ಒಂದೊಂದು ಕೈಗೆ ಒಂದೊಂದು ಕಂಬಿ ಅನ್ನುವುದು ಅದಾದ ಮೇಲಿನ ಪಾಠ. ಇಳಿಯುವುದನ್ನು ಬೇರೆಯಾಗಿಯೇ ಕಲಿಸಿ: ಎರಡೂ ಕೈ ಒಟ್ಟಿಗೆ ಬಿಟ್ಟು, ಮಂಡಿ ಮಡಚಿ, ಎರಡೂ ಪಾದದ ಮೇಲೆ. ಅಂಗೈಯಲ್ಲಿ ಬೊಬ್ಬೆ ಬಂದರೆ ಒಡೆಯಬೇಡಿ, ಮಾಯುವವರೆಗೆ ಬಿಡುವು ಕೊಡಿ. ಅವಳ ವಾರಗೆಯ ಇನ್ನೊಂದು ಹುಡುಗಿಯನ್ನು ಜೊತೆಗೆ ಬಿಟ್ಟು ನೀವು ಸ್ವಲ್ಪ ದೂರ ಕೂತು ಪೇಪರ್ ಓದಿ. ಅಪ್ಪ ಹೇಳಿದ್ದಕ್ಕಿಂತ ಗೆಳತಿ ಮಾಡಿದ್ದು ಬೇಗ ಬರುತ್ತದೆ. ಎಣ್ಣೆ ಸ್ನಾನದ ದಿನ ಮಾತ್ರ ಆಟ ಬೇಡ. ಕೈ ಜಾರುತ್ತದೆ.