ಗೆರೆಯೊಳಗಿನ ನೆಲ

ಪ್ರಶ್ನೆ: ಆಸ್ಟ್ರೇಲಿಯಾದ ಮೂಲನಿವಾಸಿ ಕಲಾವಿದೆ ಎಮಿಲಿ ಕಾಮೆ ಉಂಗ್ವಾರೇ ಅವರ ಚಿತ್ರಗಳಲ್ಲಿ ಬರೀ ಗೆರೆಗಳೇ ಕಾಣುತ್ತವೆ; ಅವರ ನೆಲ ಅಲ್ಲೆಲ್ಲಿದೆ?
(ಚಿತ್ರಕಲಾ ವಿದ್ಯಾರ್ಥಿನಿ, ಗದಗ)

ಉತ್ತರ: ಆ ಗೆರೆಗಳೇ ನೆಲ. ಬೇಸಿಗೆಯಲ್ಲಿ ನಿಮ್ಮ ಸೀಮೆಯ ಎರೆಹೊಲ ಬಾಯಿಬಿಡುವುದನ್ನು ನೀವು ಕಂಡಿರುತ್ತೀರಿ. ಮಧ್ಯ ಆಸ್ಟ್ರೇಲಿಯಾದಲ್ಲಿರುವ ಅವರ ಪೂರ್ವಜರ ನೆಲ ಅಲ್ಹಾಲ್ಕೆರೆಯಲ್ಲಿಯೂ ಮಣ್ಣೊಳಗೆ ಗೆಡ್ಡೆ ಬಲಿತಾಗ ಮೇಲೆ ಬಿರುಕು ಮೂಡುತ್ತದೆ, ಅದನ್ನು ಗುರುತಿಸಿಯೇ ಹೆಂಗಸರು ಅಗೆಯುತ್ತಾರೆ. ‘ಕಾಮೆ’ ಎಂದರೆ ಆ ಗೆಡ್ಡೆಯ ಬಳ್ಳಿಯ ಬೀಜ. ಅವರ ಹೆಸರೂ ಅಲ್ಲಿಯದೇ. ವಿಧಿಗಳಲ್ಲಿ ಹೆಂಗಸರು ಎದೆ, ತೋಳುಗಳ ಮೇಲೆ ಬರೆದುಕೊಳ್ಳುವ ಪಟ್ಟೆಗಳನ್ನೂ ಬೇರಿನ ಜಾಲವನ್ನೂ ಅವರು ತಮ್ಮ ಎಂಬತ್ತರ ವಯಸ್ಸಿನ ಆಸುಪಾಸಿನಲ್ಲಿ ಕ್ಯಾನ್ವಾಸಿಗೆ ತಂದರು. 1995ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ಸುಮಾರು 8 ಮೀಟರ್ ಅಗಲದ ಕಪ್ಪು ಕ್ಯಾನ್ವಾಸಿನ ಮೇಲೆಯೇ ಕುಳಿತು ಬಿಳಿ ಬೇರುಗಳನ್ನು ಹರಿಯಬಿಟ್ಟರು. ಇದನ್ನು ಅಮೂರ್ತ ಕಲೆಯೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.