ರಿಪೋರ್ಟ್ ಯಾರದು?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ಮಗಳಿಗೆ ಐದು ತಿಂಗಳು ತುಂಬುವಾಗ ಸ್ಕ್ಯಾನಿಂಗ್ ಆಯಿತು. ಮಗುವಿನ ತಲೆಬುರುಡೆಯಾಗಲಿ ಮೆದುಳಾಗಲಿ ಬೆಳೆದಿಲ್ಲ, ಇದು ಅನೆನ್ಸೆಫಲಿ, ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಹೇಳಿದ್ದು ಅಳಿಯನಿಗೆ ಮತ್ತು ಈ ತಾಯಿಗೆ, ಹೊರಗೆ ಕರೆದು. ಮಗಳಿಗೆ ಮಾತ್ರ ‘ಹಾರ್ಟ್‌ಬೀಟ್ ನಿಂತುಹೋಗಿದೆ’ ಎಂದು ಹೇಳಿ, ಫಾರ್ಮಿಗೆ ಸಹಿ ಹಾಕಿಸಿ, ಎಲ್ಲ ಮುಗಿಸಿದರು. ಎರಡು ತಿಂಗಳಾದ ಮೇಲೆ ಬೀರುವಿನಲ್ಲಿ ಫೈಲು ಮಗಳ ಕೈಗೆ ಸಿಕ್ಕಿದೆ. ಅವತ್ತಿಂದ ಅವಳು ತಾಯಿಯ ಹತ್ತಿರ ಮಾತಾಡಿಲ್ಲ. ‘ಅವಳ ಒಳ್ಳೇದಕ್ಕೇ ಅಲ್ವಾ ನಾವು ಮಾಡಿದ್ದು?’ ಎಂದು ಕೇಳಿದ್ದಾರೆ.

ಅಮ್ಮಾ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಮಗಳ ಬಿಪಿ ಏರುತ್ತಿತ್ತು, ನಿಮಗೆ ಕೈಕಾಲು ಆಡುತ್ತಿರಲಿಲ್ಲ, ಡಾಕ್ಟರೇ ನಿಮ್ಮನ್ನು ಹೊರಗೆ ಕರೆದರು. ಅಷ್ಟು ಒಪ್ಪುತ್ತೇನೆ. ಆದರೂ ನಾನು ನಿಮ್ಮ ಮಗಳ ಕಡೆ.

ಆ ಕೋಣೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹೊಟ್ಟೆ ಮೇಲೆ ತಣ್ಣನೆ ಜೆಲ್ ಹಚ್ಚಿಸಿಕೊಂಡು ಅವಳು ಮಲಗಿದ್ದಾಳೆ. ಇಷ್ಟು ಹೊತ್ತು ‘ಉಸಿರು ಹಿಡಿರಿ, ಬಿಡಿ’ ಅನ್ನುತ್ತಿದ್ದ ಡಾಕ್ಟರು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾರೆ. ಒರೆಸಿಕೊಳ್ಳೋಕೆ ಟಿಶ್ಯೂ ಕೊಡುತ್ತಾರೆ. ಆಮೇಲೆ ಬಾಗಿಲು ಅರ್ಧ ತೆರೆದು, ‘ಪೇಷೆಂಟ್ ಕಡೆಯೋರು ಯಾರು?’ ಪೇಷೆಂಟ್ ಅಲ್ಲೇ ಇದ್ದಾಳಲ್ಲ! ಅವಳಿಗೆ ಕಿವಿ ಕೇಳುತ್ತದೆ, ಓದು ಬರಹ ಬರುತ್ತದೆ, ನೀವೇ ಬರೆದಂತೆ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಾಳೆ. ಸ್ಕ್ಯಾನಿಂಗ್ ಸೆಂಟರ್ ಗೋಡೆ ಮೇಲಿನ ಬೋರ್ಡು ಮಗು ಗಂಡೋ ಹೆಣ್ಣೋ ಹೇಳುವುದಿಲ್ಲ ಅನ್ನುತ್ತದೆ, ಸರಿ. 1994ರ ಆ ಕಾನೂನು ಬೇಕೇ ಬೇಕು. ಮಗುವಿಗೆ ಏನಾಗಿದೆ ಎಂದು ತಾಯಿಗೆ ಹೇಳಬಾರದು ಅಂತ ಅದು ಎಲ್ಲೂ ಹೇಳಿಲ್ಲ.

‘ಟೈಮ್ ಇರಲಿಲ್ಲ, 20 ವಾರ ದಾಟಿದರೆ ಕಷ್ಟ ಅಂದರು’ ಎಂದೂ ಬರೆದಿದ್ದೀರಿ. ಅದು ಹಳೆಯ ಮಾತು. 1971ರ ಗರ್ಭಪಾತ ಕಾನೂನಿನಲ್ಲಿ 20 ವಾರದ ಗಡಿ ಇತ್ತು. 2008ರಲ್ಲಿ ಮುಂಬೈನ ನಿಕಿತಾ ಮೆಹ್ತಾ ಮಗುವಿನ ಹೃದಯದ ತೊಂದರೆಗಾಗಿ ಹೈಕೋರ್ಟಿಗೆ ಹೋಗಿ ಇಲ್ಲ ಅನ್ನಿಸಿಕೊಂಡಿದ್ದು ಆ ಗಡಿಯಿಂದಲೇ. 2021ರ ತಿದ್ದುಪಡಿ ಅದನ್ನು ಬದಲಾಯಿಸಿತು. ಮಗುವಿಗೆ ಗಂಭೀರ ತೊಂದರೆ ಇದ್ದರೆ 24 ವಾರದವರೆಗೆ ಇಬ್ಬರು ಡಾಕ್ಟರ ಅಭಿಪ್ರಾಯ ಸಾಕು. ಆಮೇಲೂ ಮೆಡಿಕಲ್ ಬೋರ್ಡ್ ಒಪ್ಪಿದರೆ ಆಗುತ್ತದೆ. ಬೋರ್ಡು 3 ದಿನದಲ್ಲಿ ಹೇಳಬೇಕು ಅಂತ ನಿಯಮವೇ ಇದೆ. ಅಂದರೆ ನಿಮ್ಮ ಮಗಳಿಗೆ ವಿಷಯ ತಿಳಿದುಕೊಂಡು, ಒಂದು ರಾತ್ರಿ ಅತ್ತು, ಬೆಳಿಗ್ಗೆ ಎದ್ದು ತಾನೇ ನಿರ್ಧರಿಸುವಷ್ಟು ಸಮಯ ಧಾರಾಳವಾಗಿ ಇತ್ತು. ಅವಳು ಬೇಡ ಅನ್ನಬಹುದಿತ್ತು, ಬೇಕು ಅನ್ನಬಹುದಿತ್ತು. ಹುಟ್ಟಿದ ಮೇಲೆ ಇರುವಷ್ಟು ಹೊತ್ತು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನುವ ತಾಯಂದಿರೂ ಇದ್ದಾರೆ. 18 ದಾಟಿದವಳಾದರೆ ಇದಕ್ಕೆ ಬೇಕಾದ ಒಪ್ಪಿಗೆ ಅವಳದ್ದೊಂದೇ. ಗಂಡನದ್ದೂ ಬೇಡ, ತಾಯಿಯದ್ದೂ ಬೇಡ. ಸಹಿ ಅವಳೇ ಹಾಕಿದಳಲ್ಲ ಅಂತೀರಾ? ಯಾವುದಕ್ಕೆ ಅಂತ ಗೊತ್ತಿಲ್ಲದೆ ಹಾಕಿದ ಸಹಿ ಅದು.

ಸಮೀರಾ ಕೊಹ್ಲಿ ಪ್ರಕರಣ ಈ ವಿಷಯಕ್ಕೆ ನನಗೆ ಬಾಯಿಪಾಠ. ರೋಗಿ ಅರಿವಳಿಕೆಯಲ್ಲಿದ್ದಾಗ ಡಾಕ್ಟರು ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ವಯಸ್ಸಿಗೆ ಬಂದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ನಡೆಯುವುದಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟು ವರ್ಷವಾದರೂ ನಮ್ಮ ಆಸ್ಪತ್ರೆಗಳ ವರಾಂಡಕ್ಕೆ ಆ ತೀರ್ಪು ಇನ್ನೂ ತಲುಪಿಲ್ಲ.

ಮುಚ್ಚಿಟ್ಟರೆ ದುಃಖ ಕಮ್ಮಿಯಾಗುತ್ತದೆ ಅನ್ನೋದೂ ಸುಳ್ಳು. ನಿಮ್ಮ ಪತ್ರದಲ್ಲೇ ಇದೆ ನೋಡಿ. ಮೂರನೇ ದಿನ ಎದೆ ಕಲ್ಲಾಗಿ ಹಾಲು ಸೋರಿತು, ಮಗಳು ಹೆದರಿಹೋದಳು. ಐದು ತಿಂಗಳಿಗೆ ಹೋದರೂ ಹಾಲು ಬರುತ್ತದೆ, ನಿಲ್ಲಿಸೋಕೆ ಮಾತ್ರೆ ಇದೆ ಅಂತ ಮೊದಲೇ ಯಾರೂ ಹೇಳಿರಲಿಲ್ಲ. ಎರಡು ತಿಂಗಳು ಅವಳು ‘ಸ್ಕೂಟಿ ಓಡಿಸಿದ್ದಕ್ಕೇ ಹೀಗಾಯ್ತು’ ಅಂತ ತನ್ನನ್ನೇ ಬೈದುಕೊಂಡಳು. ಬೀಗಿತ್ತಿ ಗ್ರಹಣದ ಲೆಕ್ಕ ತೆಗೆದರು. ಕಾಯಿಲೆಯ ಹೆಸರು ಹೇಳಿದ್ದರೆ ಎರಡೂ ಅವತ್ತೇ ನಿಲ್ಲುತ್ತಿತ್ತು. ಮೆದುಳು, ಬೆನ್ನುಹುರಿಯಾಗುವ ನಳಿಕೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ. ಎಷ್ಟೋ ಜನಕ್ಕೆ ಬಸಿರಾಗಿದ್ದೇ ಆಗ ಗೊತ್ತಿರುವುದಿಲ್ಲ. ಅದು ಮುಚ್ಚಿಕೊಳ್ಳದ್ದಕ್ಕೂ ಸ್ಕೂಟಿಗೂ ಗ್ರಹಣಕ್ಕೂ ಏನು ಸಂಬಂಧ?

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ಒಮ್ಮೆ ಹೀಗಾದ ಹೆಂಗಸರಿಗೆ ಫೋಲಿಕ್ ಆಸಿಡ್ ಜಾಸ್ತಿ ಪ್ರಮಾಣದಲ್ಲಿ, ದಿನಕ್ಕೆ 4 ಮಿಲಿಗ್ರಾಂ ಕೊಟ್ಟರೆ ಮತ್ತೆ ಹಾಗಾಗುವುದು ಮುಕ್ಕಾಲು ಪಾಲಿನಷ್ಟು ತಪ್ಪುತ್ತದೆ ಎಂದು ಬ್ರಿಟನ್ನಿನ ಸಂಶೋಧಕರು 1991ರಲ್ಲೇ ತೋರಿಸಿಕೊಟ್ಟರು. ಆದರೆ ಮಾತ್ರೆ ಶುರುವಾಗಬೇಕಾದ್ದು ಗರ್ಭ ಕಟ್ಟುವ ಮೊದಲು. ಹಾರ್ಟ್‌ಬೀಟ್ ನಿಂತಿತು ಅಂತಷ್ಟೇ ನಂಬಿಕೊಂಡವಳು ಆ ಮಾತ್ರೆ ಯಾಕೆ ಕೇಳುತ್ತಾಳೆ? ಅವಳಿಗೆ ಫೈಲು ಸಿಕ್ಕಿದ್ದು ಪುಣ್ಯ ಅಂದುಕೊಳ್ಳಿ.

ನಮ್ಮ ದೊಡ್ಡತ್ತೆಯೊಬ್ಬರಿದ್ದರು. ಅವರ ಮೊದಲ ಮಗು ಸತ್ತು ಹುಟ್ಟಿತ್ತು. ಅವರಿಗೆ ತೋರಿಸದೆಯೇ ತೋಟದ ಆಚೆ ಮಣ್ಣು ಮಾಡಿದ್ದರು. ಆಮೇಲೆ ನಾಲ್ಕು ಮಕ್ಕಳು, ಮೊಮ್ಮಕ್ಕಳು, ಮನೆ ತುಂಬ ಗಲಾಟೆ. ಆದರೂ ‘ತಲೆ ತುಂಬ ಕೂದಲಿತ್ತಂತೆ’ ಅನ್ನುವುದೊಂದನ್ನು ಸೂಲಗಿತ್ತಿಯಿಂದ ಹೇಗೋ ತಿಳಿದುಕೊಂಡಿದ್ದರು. ಮುಪ್ಪಿನಲ್ಲಿ, ಅಡಿಕೆ ಸುಲಿಯುತ್ತಾ ಕೂತಾಗ, ಅದನ್ನೇ ಹೇಳುತ್ತಿದ್ದರು. ಅವರ ಒಳ್ಳೆಯದಕ್ಕೇ ಮುಚ್ಚಿಟ್ಟಿದ್ದು ಅದೂ!

ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ 2012ರಲ್ಲಿ ಐರ್ಲೆಂಡಿನಲ್ಲಿ ತೀರಿಕೊಂಡಾಗ ನಾವೆಲ್ಲ ಎಷ್ಟು ಸಿಟ್ಟಾದೆವು. 17 ವಾರದ ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾಗಿ, ಸ್ವತಃ ದಂತವೈದ್ಯೆಯಾದ ಆಕೆ ಗರ್ಭಪಾತ ಮಾಡಿ ಎಂದು ಬಾಯಿಬಿಟ್ಟು ಕೇಳಿದರೂ ಆಗಲ್ಲ ಅಂದರು. ನಂಜೇರಿ ಜೀವ ಹೋಯಿತು. ಆ ದೇಶ 2018ರಲ್ಲಿ ಜನಮತ ತೆಗೆದುಕೊಂಡು ಕಾನೂನು ಬದಲಾಯಿಸಿತು. ನಮ್ಮಲ್ಲಿ ಕಾನೂನು ಇದೆ, ಹೆಂಗಸಿನ ಮಾತನ್ನು ಅವಳ ಬಾಯಿಂದ ಕೇಳುವ ರೂಢಿ ಇಲ್ಲ.

ಈಗ ಏನು ಮಾಡಬೇಕು ಅಂದಿರಿ. ಫೈಲು ಅವಳ ಕೈಗೇ ಕೊಡಿ. ‘ಮುಂದಿನ ವರ್ಷ ಇನ್ನೊಂದಾಗತ್ತೆ, ಮರೆತುಬಿಡು’ ಅನ್ನಬೇಡಿ. ಅವಳು ಬೈದರೆ ಬೈಸಿಕೊಳ್ಳಿ. ಹತ್ತೇ ದಿನಕ್ಕೆ ಸ್ಕೂಲಿಗೆ ಹೋದಳಂತೆ. ಗರ್ಭ ಹೋದರೆ ಸಂಬಳ ಸಮೇತ 6 ವಾರ ರಜೆ ಅಂತ 1961ರ ಹೆರಿಗೆ ಸೌಲಭ್ಯ ಕಾನೂನಿನಲ್ಲೇ ಇತ್ತು, ಅವಳಿಗೆ ಯಾರು ಹೇಳಿದರು? ನಿದ್ದೆ ಬಾರದೆ, ಊಟ ಸೇರದೆ ಇದ್ದರೆ 14416ಕ್ಕೆ ಫೋನ್ ಮಾಡಲಿ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೇಕಾದರೆ ನೀವೂ ಮಾಡಿ. ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್‌ನಲ್ಲಿ ಬಸಿರು ಬಾಣಂತನದ ಮನೋವೈದ್ಯರೇ ಬೇರೆ ಇದ್ದಾರೆ.

ನಮ್ಮ ಓದುಗರಲ್ಲಿ ಸ್ಕ್ಯಾನಿಂಗ್ ಡಾಕ್ಟರುಗಳೂ ಇದ್ದಾರೆ, ಚಂದಾ ಪಟ್ಟಿ ನೋಡಿ ಹೇಳುತ್ತಿದ್ದೇನೆ. ನೀವು ಕಡೆಯವರನ್ನೇ ಯಾಕೆ ಮೊದಲು ಹೊರಗೆ ಕರೆಯುತ್ತೀರಿ ಅಂತ ಬರೆದು ಕಳಿಸಿ, ಒಂದಕ್ಷರ ಕತ್ತರಿಸದೆ ಹಾಕುತ್ತೇನೆ. ‘ಪೇಷೆಂಟ್ ಅಳ್ತಾರೆ’ ಅನ್ನೋದು ಬಿಟ್ಟು ಬೇರೆ ಕಾರಣ ಇದ್ದರೆ.

– ಸಂ.